ಆರು, ಏಳು, ಎಂಟು ಒಂದೇ ಕೋಣೆಯಲ್ಲಿ: ದೀಪಾವಳಿಯವರೆಗೆ ಓದು-ಬರಹವನ್ನು ಹೇಗೆ ಹೊಂದಿಸಲಿ?

ಪ್ರಶ್ನೆ: ಘಾಟ್ಕೋಪರ್ ಟೀಚರ್

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಪಾಠ ಮಾಡಿದವಳು, ಈ ಜೂನ್‌ನಿಂದ ಮೇಲಿನ ತರಗತಿಗಳಿಗೆ ಬಡ್ತಿ ಪಡೆದಿದ್ದೇನೆ. ಬಡ್ತಿ ಎಂಬುದು ನಾನೇ ಇಟ್ಟುಕೊಂಡ ಹೆಸರು, ಸಂಬಳದಲ್ಲಿ ನಯಾಪೈಸೆ ವ್ಯತ್ಯಾಸವಿಲ್ಲ. ಮುಂಬಯಿಯ ಪೂರ್ವ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆ. ಆರನೆಯ ತರಗತಿಯಲ್ಲಿ ಒಂಬತ್ತು ಮಕ್ಕಳು, ಏಳರಲ್ಲಿ ಹನ್ನೊಂದು, ಎಂಟರಲ್ಲಿ ಆರು. ಕನ್ನಡದ ಅವಧಿಗೆ ಮೂರೂ ತರಗತಿಗಳನ್ನು ಒಂದೇ ಕೋಣೆಗೆ ಸೇರಿಸಿದ್ದಾರೆ. ಪುಣೆಯ ಬಾಲಭಾರತಿಯಿಂದ (ರಾಜ್ಯದ ಪಠ್ಯಪುಸ್ತಕ ಮಂಡಳಿ) ಬರುವ ಮೂರು ಪಠ್ಯಪುಸ್ತಕ, ಇಪ್ಪತ್ತಾರು ಮಕ್ಕಳು, ಒಂದು ಕರಿಹಲಗೆ.

ಮನೆಮಾತಿನ ಲೆಕ್ಕವನ್ನೂ ತೆಗೆದುಕೊಂಡೆ. ಹನ್ನೆರಡು ಮಕ್ಕಳದು ಕಲಬುರಗಿ, ಯಾದಗಿರಿ ಕಡೆಯ ಕನ್ನಡ. ಐವರದು ಲಂಬಾಣಿ, ನಾಲ್ವರದು ತುಳು. ಉಳಿದ ಐವರ ಮನೆಯಲ್ಲಿ ಯಾವ ಭಾಷೆ ಎಂದು ಅವರ ತಾಯಂದಿರೂ ಖಚಿತವಾಗಿ ಹೇಳಲಿಲ್ಲ. ಗಲ್ಲಿಗೆ ಇಳಿದರೆ ಎಲ್ಲರದೂ ಬಂಬಯ್ಯಾ ಹಿಂದಿ.

ಶಾಲೆ ತೆರೆದ ವಾರ ಮೇಲಿನವರ ಸೂಚನೆಯಂತೆ ‘ಮಳೆಗಾಲ’ ಎಂಬ ನಿಬಂಧ ಬರೆಸಿದೆ. ಇಪ್ಪತ್ತಾರು ಮಕ್ಕಳ ಪೈಕಿ ಇಪ್ಪತ್ತೊಂದು ಮಂದಿ ಒಬ್ಬನೇ ರೈತನ ಬಗ್ಗೆ ಬರೆದಿದ್ದರು. ಆ ರೈತನ ಮುಖದಲ್ಲಿ ಮಂದಹಾಸ ಮೂಡುತ್ತದೆ, ಕಪ್ಪೆಗಳು ವಟಗುಟ್ಟುತ್ತವೆ, ನವಿಲು ಗರಿಗೆದರಿ ಕುಣಿಯುತ್ತದೆ. ಎಂಟನೆಯ ತರಗತಿಯ ಒಬ್ಬ ಹುಡುಗ ಶೂ ಒದ್ದೆಯಾಗದಿರಲೆಂದು ಕಾಲಿಗೆ ಹಾಲಿನ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಂದಿದ್ದ. “ನಿಮ್ಮ ಮನೆಯ ಹತ್ತಿರ ನವಿಲು ಎಲ್ಲಿದೆಯಪ್ಪಾ?” ಎಂದೆ. “ಗೈಡಿನಲ್ಲಿದೆ ಟೀಚರ್” ಎಂದ. ಸುಳ್ಳು ಹೇಳಲಿಲ್ಲ, ಪುಟಸಂಖ್ಯೆಯನ್ನೂ ಹೇಳಿದ.

ಆಮೇಲೆ ಬಾಯಿಮಾತಿನಲ್ಲಿ ತಾನಾಗಿಯೇ ಹೇಳತೊಡಗಿದ. ಹಿಂದಿನ ರಾತ್ರಿ ನಾಲೆಯ ನೀರು ಅವರ ಕೋಣೆಗೆ ನುಗ್ಗಿತ್ತಂತೆ. ಗ್ಯಾಸ್ ಸಿಲಿಂಡರನ್ನು ಮಂಚದ ಮೇಲೆ ಏರಿಸಿ ಅದರ ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿದರಂತೆ. ಅವನ ತಾಯಿ ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಪ್ರೆಷರ್ ಕುಕ್ಕರಿನೊಳಗೆ ಹಾಕಿ ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟರಂತೆ. ಇಡೀ ಕೋಣೆ ಉಸಿರು ಬಿಗಿಹಿಡಿದು ಕೇಳಿತು. “ಇದನ್ನೇ ಏಕೆ ಬರೆಯಲಿಲ್ಲ?” ಎಂದು ಕೇಳಿದೆ.

“ಅದು ನಿಬಂಧ ಅಲ್ಲವಲ್ಲ ಟೀಚರ್.”

ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಇನ್ನೊಂದು ಬದಿಯನ್ನೂ ಹೇಳಿಬಿಡುತ್ತೇನೆ. ಗೈಡ್ ಬಿಟ್ಟು ಸ್ವಂತವಾಗಿ ಬರೆದ ಐವರ ಬರಹದಲ್ಲಿ ಒಬ್ಬಳು ಹೀಗೆ ಬರೆದಿದ್ದಳು: ‘ನಮ್ಮ ಲೋಕಲ್ ಸುಟ್ಟಿತು, ಆದ್ದರಿಂದ ಅಪ್ಪ ತಡವಾಗಿ ಬಂದರು.’ ನಾನು ಗಾಬರಿಯಾದೆ. ಗಾಡಿ ಹೊರಟುಹೋಯಿತು ಎನ್ನಲು ಮರಾಠಿಯಲ್ಲಿ ಹೇಳುವ ‘ಸುಟಲೀ’ ಕನ್ನಡಕ್ಕೆ ಬಂದು ಬೆಂಕಿ ಹಚ್ಚಿತ್ತು. ಇನ್ನೊಬ್ಬ ‘ನಾನು ಶಾಲೆಗೆ ಶಿಕ್ಷೆ ಪಡೆಯಲು ಬರುತ್ತೇನೆ’ ಎಂದು ಬರೆದಿದ್ದ. ಹಿಂದಿಯ ಶಿಕ್ಷಾ. ಇದನ್ನು ತಿದ್ದಬೇಕೋ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೋ ತಿಳಿಯಲಿಲ್ಲ.

ಈಗ ಲೆಕ್ಕಾಚಾರ. ಮೊದಲ ಸತ್ರ (ಶಾಲಾವರ್ಷದ ಮೊದಲರ್ಧ) ದೀಪಾವಳಿ ರಜೆಗೆ ಮುಗಿಯುತ್ತದೆ. ಗಣೇಶೋತ್ಸವ, ಮಳೆಯ ರಜೆಗಳು, ಘಟಕ ಪರೀಕ್ಷೆ, ನಮ್ಮನ್ನು ಆಗಾಗ ಬೇರೆ ಕೆಲಸಕ್ಕೆ ಕರೆದೊಯ್ಯುವ ದಿನಗಳು, ಇವನ್ನೆಲ್ಲ ಕಳೆದರೆ ನನ್ನ ಕೈಗೆ ಸಿಗುವುದು ಹದಿಮೂರು ವಾರ. ವಾರಕ್ಕೆ ಆರು ಅವಧಿ, ಅವಧಿಗೆ ಮೂವತ್ತೈದು ನಿಮಿಷ. ಅದರಲ್ಲಿ ಐದು ನಿಮಿಷ ಹಾಜರಿಗೂ ಛತ್ರಿ ಒರಗಿಸುವುದಕ್ಕೂ ಹೋಗುತ್ತದೆ.

ನಾನು ಹಾಕಿಕೊಂಡ ಕರಡು ಹೀಗಿದೆ. ಮೊದಲ ಎರಡು ವಾರ ಯಾರು ಎಷ್ಟು ಓದಬಲ್ಲರು ಎಂದು ನೋಡುವುದು. ಆಮೇಲೆ ನಾಲ್ಕು ವಾರ ಕಂಡದ್ದನ್ನು ಬರೆಯುವುದು, ನಾಲ್ಕು ವಾರ ಪತ್ರ ಮತ್ತು ವರದಿ, ಕೊನೆಯ ಮೂರು ವಾರ ‘ನನ್ನ ಅಭಿಪ್ರಾಯ ಇದು, ಏಕೆಂದರೆ’ ಎಂಬ ಬಗೆಯ ಬರಹ. ಪಠ್ಯಪುಸ್ತಕದ ಪಾಠಗಳನ್ನು ಇವುಗಳ ನಡುವೆ ಹೆಣೆಯಬೇಕು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಕಾಗದದ ಮೇಲೆ ನವಿಲೂ ಚೆನ್ನಾಗಿಯೇ ಕುಣಿದಿತ್ತು.

ಕೇಳಬೇಕಾದದ್ದು ಇಷ್ಟು: ಮೂರು ತರಗತಿಗೆ ಮೂರು ಪಾಠ ಮಾಡಲೋ ಒಂದೇ ಮಾಡಲೋ? ಪ್ರತಿದಿನ ಬರೆಸಿದರೆ ಇಪ್ಪತ್ತಾರು ವಹಿಗಳನ್ನು ತಿದ್ದುವುದು ಯಾವಾಗ? ಪಠ್ಯ ಬಿಟ್ಟರೆ ಓದಲು ಏನು ಕೊಡಲಿ? ಮೌಲ್ಯಮಾಪನದ ಕಡತದಲ್ಲಿ ಇದನ್ನೆಲ್ಲ ಎಲ್ಲಿ ತೋರಿಸಲಿ?

ಉತ್ತರ 1: ಡೊಂಬಿವಲಿಯ ನಿವೃತ್ತ ಮಾಸ್ತರ

ಅಮ್ಮಾ, ನಿಮ್ಮ ಕುಕ್ಕರಿನ ಹುಡುಗನಿಗೆ ನನ್ನದೊಂದು ಶಾಭಾಸ್ ಹೇಳಿ.

ನಾನು ಹದಿನಾಲ್ಕನೆಯ ವಯಸ್ಸಿಗೆ ಕಾರ್ಕಳದ ಕಡೆಯಿಂದ ಬಂದು ಮುಂಬಯಿಯ ಕೋಟೆ (ಫೋರ್ಟ್) ಭಾಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಓದಿದವನು. ಮುಂದೆ ಅಂಥದೇ ರಾತ್ರಿಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದೆ. ಹೊಸ ಪದ್ಧತಿಗಳ ಹೆಸರು ನನಗೆ ತಿಳಿಯದು. ಆದರೆ ವಯಸ್ಸು ಬೇರೆ, ತರಗತಿ ಬೇರೆ, ಕೋಣೆ ಒಂದು ಎಂಬ ಸ್ಥಿತಿ ನಮಗೆ ದಿನನಿತ್ಯದ್ದಾಗಿತ್ತು. ಹನ್ನೆರಡರ ಹುಡುಗನ ಪಕ್ಕದಲ್ಲಿ ಇಪ್ಪತ್ತೆರಡರ ಭಟ್ಟಿಯವನು ಕೂರುತ್ತಿದ್ದ. ಇಬ್ಬರ ಕೈಯಿಂದಲೂ ಈರುಳ್ಳಿಯ ವಾಸನೆ ಬರುತ್ತಿತ್ತು.

ನಾವು ಬರವಣಿಗೆ ಕಲಿಸಿದ್ದು ಕಾಗದದಿಂದ. ನಿಬಂಧದ ಕಾಗದವಲ್ಲ, ಊರಿಗೆ ಬರೆಯುವ ಕಾಗದ. ‘ಕ್ಷೇಮ, ಕ್ಷೇಮ ಸಮಾಚಾರ’ ಎಂದು ಆರಂಭಿಸಿ ‘ಹಣ ಕಳಿಸಿದ್ದೇನೆ, ಮುಟ್ಟಿದ್ದಕ್ಕೆ ಬರೆಯಿರಿ’ ಎಂದು ಮುಗಿಸುವವರಿಗೆ ನಾನು ಒಂದೇ ಷರತ್ತು ಹಾಕುತ್ತಿದ್ದೆ: ಈ ಎರಡು ಸಾಲುಗಳ ನಡುವೆ, ಊರಿನಲ್ಲಿ ಕುಳಿತವರು ಊಹಿಸಲಾರದ ಮೂರು ಸಂಗತಿಗಳಿರಬೇಕು. ಒಬ್ಬ ತನ್ನ ತಾಯಿಗೆ, ಮಲಗಲು ಜಾಗ ಸಾಲದೆ ಇಡ್ಲಿ ರುಬ್ಬುವ ಕಲ್ಲಿನ ಸುತ್ತ ಬಳಸಿಕೊಂಡು ಮಲಗುವುದನ್ನು ಬರೆದಿದ್ದ. ಓದಿ ತಿದ್ದಲು ಕೈ ಬರಲಿಲ್ಲ. ದೀರ್ಘ ಹಾಕಬೇಕಾದ ಕಡೆ ಹ್ರಸ್ವ ಇತ್ತು, ಇರಲಿ ಎಂದು ಬಿಟ್ಟೆ.

ನಿಮ್ಮ ಮಕ್ಕಳಿಗೂ ಊರಿದೆ. ಅಂಚೆ ಕಾರ್ಡು ತರಿಸಿ. ಮೊಬೈಲ್ ಇರುವಾಗ ಕಾರ್ಡೇಕೆ ಎಂದು ಅವರು ಕೇಳುತ್ತಾರೆ, ಕೇಳಲಿ. ಕಾರ್ಡಿನಲ್ಲಿ ಜಾಗ ಕಡಿಮೆ. ಹೇಳಬೇಕಾದದ್ದನ್ನು ಆರಿಸಿಕೊಳ್ಳದೆ ಗತಿಯಿಲ್ಲ. ವಿಳಾಸ ಬರೆಯುವುದೇ ಒಂದು ಪಾಠವಾಗುತ್ತದೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮೊದಲು ನಾವು ಬಾಂಬೆ-19 ಎಂದರೆ ಮಾಟುಂಗ ತಲುಪುತ್ತಿತ್ತು, ಆಮೇಲೆ ಅದೇ 400019 ಆಯಿತು. ನಾಲ್ಕರಿಂದ ಆರಂಭವಾಗುವ ನಮ್ಮ ಸಂಖ್ಯೆಯನ್ನೂ ಐದರಿಂದ ಆರಂಭವಾಗುವ ಊರಿನ ಸಂಖ್ಯೆಯನ್ನೂ ಪಕ್ಕಪಕ್ಕ ಬರೆಸಿ. ಕಲಬುರಗಿಯ 585101 ಕರಿಹಲಗೆಯ ಮೇಲೆ ಬಿದ್ದರೆ ನಿಮ್ಮ ಹನ್ನೆರಡು ಮಕ್ಕಳ ಬೆನ್ನು ನೆಟ್ಟಗಾಗುತ್ತದೆ, ಬೇಕಾದರೆ ಪಂಥ ಕಟ್ಟುತ್ತೇನೆ.

ಮತ್ತೆ, ಪತ್ರಲೇಖನವನ್ನು ಏಳನೆಯ ವಾರಕ್ಕೆ ತಳ್ಳಬೇಡಿ. ಮೊದಲ ವಾರದಿಂದಲೇ ಶುರು ಮಾಡಿ. ಊರಿನಿಂದ ಉತ್ತರ ಬರಲು ಸಮಯ ಬೇಕಲ್ಲವೇ? ಉತ್ತರ ಬಂದ ದಿನ ನೀವು ಪಾಠ ಮಾಡುವ ಅಗತ್ಯವೇ ಇರುವುದಿಲ್ಲ.

ಉತ್ತರ 2: ಅಕ್ಷರ ಎಣಿಸುವವಳು, ಠಾಣೆ

ಮಾಸ್ತರರ ಮಾತು ಸೊಗಸಾಗಿದೆ. ಆದರೆ ಓದಲು ಬಾರದ ಮಗುವಿಗೆ ಕಾರ್ಡು ಕೊಟ್ಟರೆ ಅದು ಪಕ್ಕದವನ ಕೈಯಿಂದ ಬರೆಸುತ್ತದೆ. ಆದ್ದರಿಂದ ನಿಮ್ಮ ಮೊದಲ ಎರಡು ವಾರಗಳ ಬಗ್ಗೆ ನಾನು ಹೇಳುತ್ತೇನೆ. ಓದಿನ ಮಟ್ಟ ಅಳೆಯುವ ಕೆಲಸದಲ್ಲೇ ಹತ್ತು ವರ್ಷ ಕಳೆದಿದ್ದೇನೆ. ಎರಡು ವಾರ ಬೇಡ, ಮೂರು ದಿನ ಸಾಕು.

ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆ ಹುಟ್ಟಿದ್ದು ನಮ್ಮ ಮುಂಬಯಿಯ ಕೊಳೆಗೇರಿಗಳಲ್ಲೇ. ಅವರು 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೂ ಇದೆ. ಒಂದೇ ಹಾಳೆಯಲ್ಲಿ ಬಿಡಿ ಅಕ್ಷರಗಳು, ಸರಳ ಪದಗಳು, ಒಂದನೆಯ ತರಗತಿಯ ಮಟ್ಟದ ನಾಲ್ಕು ವಾಕ್ಯ, ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆ. ಮಗುವಿಗೆ ಐದು ನಿಮಿಷವೂ ಬೇಕಾಗುವುದಿಲ್ಲ. ದಿನಕ್ಕೆ ಒಂಬತ್ತು ಮಕ್ಕಳನ್ನು ಕಿಟಕಿಯ ಬಳಿ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿ, ಉಳಿದವರು ಚಿತ್ರ ಬರೆಯಲಿ. ಎಂಟನೆಯ ತರಗತಿಯ ಮಗುವಿನ ಕೈಗೆ ಎರಡನೆಯ ತರಗತಿಯ ಕಥೆಯೇ ಎಂದು ಮುಜುಗರಪಡಬೇಡಿ. ಅಲ್ಲೇ ತಡವರಿಸುವವರು ಇಬ್ಬರಾದರೂ ಸಿಗುತ್ತಾರೆ. ಎಲ್ಲರೆದುರು ಮಾತ್ರ ಓದಿಸಬೇಡಿ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಹಾಳೆಯಲ್ಲೇ ಸಿಗುತ್ತದೆ. ತರಗತಿಯ ಪ್ರಕಾರ ಗುಂಪು ಮಾಡಬೇಡಿ, ಓದಿನ ಮಟ್ಟದ ಪ್ರಕಾರ ಮಾಡಿ. ದಿನಕ್ಕೆ ಹದಿನೈದು ನಿಮಿಷ ಮಾತ್ರ. ಆಮೇಲೆ ಎಲ್ಲರೂ ಮತ್ತೆ ಒಂದೇ ಕೋಣೆಯ ಮಕ್ಕಳು.

ಒಂದು ಎಚ್ಚರಿಕೆ. ನಿಮಿಷಕ್ಕೆ ಎಷ್ಟು ಪದ ಎಂದು ಅಳೆಯುವುದು ಇಂಗ್ಲಿಷಿನವರ ರೂಢಿ. ನಮ್ಮಲ್ಲಿ ‘ಬರೆಯಲಾರದವನಿಗೆ’ ಎಂಬುದು ಒಂದೇ ಪದ, ಅದರಲ್ಲಿ ಒಂಬತ್ತು ಅಕ್ಷರ. ‘ಮನೆ’ಯೂ ಒಂದೇ ಪದ. ಎರಡನ್ನೂ ಸಮವೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಾನು ಅಕ್ಷರ ಎಣಿಸುತ್ತೇನೆ, ಹೆಸರೂ ಹಾಗೇ ಬಂತು.

ಕನ್ನಡದ ಲಿಪಿ ಕಲಿಯಲು ಮಕ್ಕಳಿಗೆ ಹೆಚ್ಚು ಕಾಲ ಬೇಕು. ಗುಣಿತಾಕ್ಷರ, ಒತ್ತಕ್ಷರ ಸೇರಿದರೆ ಕಣ್ಣಿಗೆ ಗುರುತು ಸಿಗಬೇಕಾದ ಆಕಾರಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿರುವ ಸೋನಾಲಿ ನಾಗ್ ಅವರು, ಅಕ್ಷರಗಳ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಮುಂದುವರಿಯುತ್ತದೆ ಎಂದು ತೋರಿಸಿದ್ದಾರೆ. ನಡುವೆ ಒಂದು ವರ್ಷ ಊರು ಬದಲಾಯಿಸಿ ಶಾಲೆ ತಪ್ಪಿದ ಮಗು ಆರನೆಯ ತರಗತಿಯಲ್ಲಿ ಒತ್ತಕ್ಷರದ ಬಳಿ ಎಡವಿದರೆ ಅದು ದಡ್ಡತನವಲ್ಲ. ವಿಶೇಷವಾಗಿ ಅರ್ಕಾವತ್ತನ್ನು ನೋಡಿ. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಮೊದಲು ಯ ಕಾಣುತ್ತದೆ, ರ್ ಆಮೇಲೆ ಕಾಣುತ್ತದೆ. ಬಾಯಿ ಮಾತ್ರ ರ್ ಅನ್ನು ಮೊದಲು ಹೇಳಬೇಕು. ‘ಸೂಯ್ರ’ ಎಂದು ಓದುವ ಮಗು ಕಂಡದ್ದನ್ನು ಕಂಡ ಹಾಗೆಯೇ ಓದಿದೆ. ಕಾರ್ಯ, ಮಾರ್ಗ, ಸೂರ್ಯ, ವರ್ಷ, ಅರ್ಧ, ಇಂಥ ಹತ್ತು ಪದ ಬರೆದು ವಾರವಿಡೀ ಬಾಗಿಲಿಗೆ ಅಂಟಿಸಿ, ಒಳಬರುವಾಗ ಒಂದನ್ನು ಓದಿ ಬರಲಿ. ಮಹಾಪ್ರಾಣದ ಬೆನ್ನು ಹತ್ತುವುದನ್ನು ಈ ಸತ್ರಕ್ಕೆ ಬಿಟ್ಟುಬಿಡಿ.

ಓದಲು ಏನು ಕೊಡಲಿ ಎಂದಿರಿ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಜಾಲತಾಣ 2015ರಿಂದ ಇದೆ. ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲು ಯಾರ ಅನುಮತಿಯೂ ಬೇಡ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲೂ ಇವೆ, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಎಲ್ಲಕ್ಕಿಂತ ಮುಖ್ಯವಾಗಿ ನೀವೇ ದಿನಕ್ಕೆ ಎಂಟು ನಿಮಿಷ ಗಟ್ಟಿಯಾಗಿ ಓದಿ ಹೇಳಿ. ದೊಡ್ಡ ಮಕ್ಕಳಿಗೆ ಓದಿ ಹೇಳುವುದೇ ಎಂದು ಹುಬ್ಬೇರಿಸುವವರಿದ್ದಾರೆ. ಲಂಬಾಣಿಯ ಐದು ಮಕ್ಕಳಿಗೆ ಪುಸ್ತಕದ ಕನ್ನಡದ ಲಯ ಕಿವಿಯಿಂದಲ್ಲದೆ ಇನ್ನೆಲ್ಲಿಂದ ಬರಬೇಕು?

ಉತ್ತರ 3: ಕೊನೆಯ ಬೆಂಚು, ಪುಣೆ

ನಾನು ಶಿಕ್ಷಕನಲ್ಲ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಓದಿದ್ದು ಮುಂಬಯಿಯ ಕನ್ನಡ ಶಾಲೆಯಲ್ಲಿ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನಾನು ಏಳನೆಯ ತರಗತಿ, ಮನೆ ಕಾಲಿನಾದಲ್ಲಿ. ಶಾಲೆ ಮತ್ತೆ ತೆರೆದ ದಿನ ನಮ್ಮ ಕನ್ನಡ ಟೀಚರ್ ಪಾಠ ಮಾಡಲಿಲ್ಲ. ಒಂದೊಂದು ಹಾಳೆ ಕೊಟ್ಟು, “ಮಳೆಯ ಬಗ್ಗೆ ಬರೆಯಬೇಡಿ. ನೀವು ಆ ರಾತ್ರಿ ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಅಷ್ಟು ಬರೆಯಿರಿ” ಎಂದರು. ನನ್ನ ಕೈಯಲ್ಲಿ ಪಕ್ಕದ ಮನೆಯವರ ಕೋಳಿ ಇತ್ತು. ಎಂಟು ಗಂಟೆ ಹಿಡಿದುಕೊಂಡಿದ್ದೆ. ಅಷ್ಟೇ ಬರೆದೆ, ಒಂದು ಪುಟ ಆಯಿತು. ಶಾಲೆಯಲ್ಲಿ ಬರೆದದ್ದರಲ್ಲಿ ನನ್ನ ಬಳಿ ಇವತ್ತಿಗೂ ಉಳಿದಿರುವುದು ಅದೊಂದೇ ಹಾಳೆ. ಟೀಚರ್ ಕೆಳಗೆ ಕೆಂಪು ಶಾಯಿಯಲ್ಲಿ ಅಂಕ ಹಾಕಿಲ್ಲ, ‘ಕೋಳಿ ಕೂಗಿತೇ?’ ಎಂದು ಕೇಳಿದ್ದಾರೆ.

ನಿಮ್ಮ ತಿದ್ದುವಿಕೆಯ ಪ್ರಶ್ನೆಗೆ ಇದೇ ನನ್ನ ಉತ್ತರ.

ಉತ್ತರ 4: ಮುಲುಂಡ್ ತಾಯಿ

ಎಲ್ಲರೂ ಸೇರಿ ಗೈಡನ್ನೂ ಬಾಯಿಪಾಠವನ್ನೂ ಕಸದ ಬುಟ್ಟಿಗೆ ಹಾಕುತ್ತಿದ್ದೀರಿ. ನಾನು ಸ್ವಲ್ಪ ಅಡ್ಡ ಬರುತ್ತೇನೆ, ಸಿಟ್ಟಾಗಬೇಡಿ. ನನ್ನ ಮಗಳು ಹತ್ತನೆಯ ತರಗತಿಯ ಪರೀಕ್ಷೆ ಬರೆದದ್ದು ಹೋದ ವರ್ಷ. ಪರೀಕ್ಷಕರು ಕುಕ್ಕರ್ ನೋಡಿ ಕಣ್ಣೀರು ಹಾಕಿ ಅಂಕ ಕೊಡುವುದಿಲ್ಲ. ನಿಬಂಧಕ್ಕೆ ಆರಂಭ, ಮಧ್ಯ, ಮುಕ್ತಾಯ ಇದೆಯೇ ಎಂದು ನೋಡುತ್ತಾರೆ. ಆ ಹುಡುಗ ಎರಡು ವರ್ಷ ಬಿಟ್ಟು ಅಲ್ಲಿಗೇ ಹೋಗಬೇಕು.

ಇನ್ನೊಂದು ಮಾತು. ಮನೆಯಲ್ಲಿ ಕನ್ನಡ ಪುಸ್ತಕವೇ ಇಲ್ಲದ ಮಗು ಒಳ್ಳೆಯ ವಾಕ್ಯವನ್ನು ತರುವುದಾದರೂ ಎಲ್ಲಿಂದ? ನಾವು ಚಿಕ್ಕವರಿದ್ದಾಗ ವಚನ, ಗಾದೆ, ಪದ್ಯಗಳನ್ನು ಕಂಠಪಾಠ ಮಾಡಿದೆವು. ಆ ಲಯ ಕೈಗೆ ಬಂತು. ಬಾಯಿಪಾಠದ ತಪ್ಪಲ್ಲ ಅದು, ಬಾಯಿಪಾಠಕ್ಕೆ ಆರಿಸಿದ ವಾಕ್ಯದ ತಪ್ಪು. ಮಂದಹಾಸದ ರೈತನ ಬದಲು ಗಟ್ಟಿಯಾದದ್ದನ್ನು ಕೊಡಿ.

ನಾನು ಮನೆಯಲ್ಲಿ ಮಗಳಿಗೆ ಮಾಡಿಸುತ್ತಿದ್ದದ್ದು ಹೀಗೆ. ಓದಿದ್ದರಲ್ಲಿ ಅಚ್ಚುಕಟ್ಟಾದ ಒಂದು ವಾಕ್ಯ ತೆಗೆದುಕೊಳ್ಳುವುದು, ಅದರ ಅಸ್ಥಿಪಂಜರ ಇಟ್ಟುಕೊಂಡು ಮಾಂಸ ಬದಲಿಸುವುದು. ಉದಾಹರಣೆಗೆ ನಾನೇ ಒಂದು ಬರೆದು ಕೊಟ್ಟೆ: ‘ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ, ಒಲೆ ಮಾತ್ರ ಉರಿಯುತ್ತಿತ್ತು.’ ಅವಳು ಬರೆದದ್ದು: ‘ಗಾಡಿ ನಿಂತಿತ್ತು, ಒಳಗೆ ಕಾಲಿಡಲು ಜಾಗವಿರಲಿಲ್ಲ, ಫ್ಯಾನು ಮಾತ್ರ ತಿರುಗುತ್ತಿತ್ತು.’ ಕದ್ದದ್ದೋ ಸ್ವಂತದ್ದೋ ನೀವೇ ಹೇಳಿ. ಆರನೆಯವರಿಂದ ಎಂಟನೆಯವರವರೆಗೆ ಒಂದೇ ವಾಕ್ಯ ಕೊಡಬಹುದು, ದೊಡ್ಡವರು ಅದನ್ನು ಮೂರು ವಾಕ್ಯಕ್ಕೆ ಬೆಳೆಸಲಿ.

ಹಾಗೆಯೇ ಲೋಕಲ್ ಗಾಡಿಯ ಘೋಷಣೆಗಳು. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕೇಳಿ ಕೇಳಿ ಮಕ್ಕಳಿಗೆ ಬಾಯಿಗೆ ಬಂದಿರುತ್ತವೆ. ನಾಲ್ಕನೆಯದನ್ನು ಕನ್ನಡದಲ್ಲಿ ಅವರೇ ಬರೆಯಲಿ. ಗಾಡಿಗೂ ಫಲಾಟಕ್ಕೂ (ಪ್ಲಾಟ್‌ಫಾರ್ಮಿಗೂ) ನಡುವೆ ಇರುವುದು ಅಂತರವೋ, ಸಂದೋ, ಕಂದಕವೋ ಎಂದು ನಮ್ಮ ಮನೆಯಲ್ಲಿ ಒಂದು ರಾತ್ರಿ ಜಗಳವೇ ಆಗಿತ್ತು. ನನ್ನ ಗಂಡ ‘ಸಂದು’ ಎಂದರು, ಮಗಳು ‘ಕಂದಕ’ ಎಂದು ಹಟ ಹಿಡಿದಳು. ಕುರ್ಲಾದ ಫಲಾಟ ನೋಡಿದವರು ಮಗಳ ಪಕ್ಷ ವಹಿಸುತ್ತಾರೆ.

ಘಾಟ್ಕೋಪರ್ ಟೀಚರ್

ಎಲ್ಲರ ಉತ್ತರಗಳನ್ನೂ ಮುದ್ರಿಸಿಕೊಂಡು ಎರಡು ಸಲ ಓದಿದೆ, ಒಮ್ಮೆ ಮನೆಯಲ್ಲಿ, ಒಮ್ಮೆ ಲೋಕಲ್ ಗಾಡಿಯ ಮಹಿಳಾ ಡಬ್ಬಿಯಲ್ಲಿ ನಿಂತು. ಮುಲುಂಡ್ ತಾಯಿಯವರ ಮಾತು ಚುಚ್ಚಿತು. ಚುಚ್ಚಿದ್ದು ಸರಿಯಾದ ಜಾಗದಲ್ಲೇ. ನಾನು ಗೈಡಿನ ಮೇಲಿನ ಸಿಟ್ಟಿನಲ್ಲಿ ಮಾದರಿಯನ್ನೇ ಓಡಿಸಲು ಹೊರಟಿದ್ದೆ.

ಕರಡನ್ನು ಹರಿದು ಹಾಕಿದೆ. ಹೊಸದು ಹೀಗಿದೆ, ತಪ್ಪಿದ್ದರೆ ಹೇಳಿ.

ವಾರವನ್ನು ಘಟಕಗಳಾಗಿ ಕತ್ತರಿಸುವ ಬದಲು ದಿನವನ್ನು ಕತ್ತರಿಸಿದ್ದೇನೆ. ಮಕ್ಕಳು ಛತ್ರಿ ಒರಗಿಸುವ ಆ ಐದು ನಿಮಿಷದಲ್ಲೇ ಬಾಗಿಲ ಪದ ಓದುವುದು ಮುಗಿಯುತ್ತದೆ. ಆಮೇಲೆ ಎಂಟು ನಿಮಿಷ ನಾನು ಗಟ್ಟಿಯಾಗಿ ಓದುವುದು. ಉಳಿದ ಇಪ್ಪತ್ತೆರಡು ನಿಮಿಷ ಮೂರು ದಿನ ಪಠ್ಯಕ್ಕೆ, ಮೂರು ದಿನ ಬರವಣಿಗೆಗೆ. ಮಟ್ಟದ ಗುಂಪುಗಳನ್ನು ಮಧ್ಯಾಹ್ನದ ಊಟ ಮುಗಿದ ಮೇಲೆ ವರಾಂಡದಲ್ಲಿ ಕೂರಿಸುತ್ತೇನೆ, ಅಲ್ಲಿ ಹದಿನೈದು ನಿಮಿಷ ಸಿಗುತ್ತದೆ. ಮೂರೂ ಪಠ್ಯಪುಸ್ತಕಗಳನ್ನು ಹರಡಿ ನೋಡಿದಾಗ ಗೊತ್ತಾದದ್ದು, ಪಾಠಗಳನ್ನು ಕ್ರಮಸಂಖ್ಯೆಯಂತೆ ಮಾಡಬೇಕಾಗಿಯೇ ಇಲ್ಲ. ಆರರ ಒಂದು ಪ್ರವಾಸದ ಪಾಠ, ಏಳರ ಒಂದು ಪತ್ರ, ಎಂಟರ ಒಂದು ನೆನಪಿನ ಬರಹ ಒಂದೇ ವಾರಕ್ಕೆ ಹೊಂದಿಕೊಂಡವು. ಇದನ್ನು ಮೊದಲೇ ಮಾಡಬೇಕಿತ್ತು.

ಅಳತೆ ಮೂರು ದಿನದಲ್ಲಿ ಮುಗಿಯಿತು. ಕಥೆಯನ್ನು ಸರಾಗವಾಗಿ ಓದಿದವರು ಹದಿನಾಲ್ಕು, ನಾಲ್ಕು ವಾಕ್ಯದ ಬಳಿ ನಿಂತವರು ಎಂಟು, ಪದಗಳಲ್ಲೇ ಉಳಿದವರು ನಾಲ್ಕು. ಆ ನಾಲ್ವರಲ್ಲಿ ಒಬ್ಬಳು ಎಂಟನೆಯ ತರಗತಿಯವಳು. ಎರಡು ವರ್ಷದಿಂದ ಎಲ್ಲ ಪಾಠಗಳನ್ನೂ ಪಕ್ಕದವಳಿಂದ ಕೇಳಿ ಬಾಯಿಪಾಠ ಮಾಡಿ, ಪುಸ್ತಕದ ಮೇಲೆ ಬೆರಳಾಡಿಸುತ್ತ ‘ಓದುತ್ತಿದ್ದಳು’. ಬೆರಳು ಒಂದು ಸಾಲು ಹಿಂದಿತ್ತು, ಬಾಯಿ ಮುಂದಿತ್ತು. ಅಷ್ಟು ನೆನಪಿನ ಶಕ್ತಿ ನನಗಿದ್ದಿದ್ದರೆ ನಾನು ಎಲ್ಲೋ ಇರುತ್ತಿದ್ದೆ. ಅವಳ ಜೊತೆ ಈಗ ದಿನವೂ ವರಾಂಡದಲ್ಲಿ ಕೂರುತ್ತೇನೆ, ಬೇರೆ ಯಾರಿಗೂ ಕಾರಣ ಹೇಳಿಲ್ಲ.

ತಿದ್ದುವ ವಿಷಯ. ದಿನಕ್ಕೆ ಐದಾರು ವಹಿ ಮಾತ್ರ ನೋಡುತ್ತೇನೆ, ಆ ಮಗು ಎದುರಿಗೆ ಕುಳಿತಿರುವಾಗಲೇ. ವಾರದಲ್ಲಿ ಎಲ್ಲರದೂ ಒಂದು ಸುತ್ತು ಆಗುತ್ತದೆ. ಒಂದು ಪ್ರಶ್ನೆ, ಒಂದು ತಿದ್ದುಪಡಿ, ಅಷ್ಟೇ. ಕೋಳಿಯ ಪ್ರಶ್ನೆ ಕೇಳಿದ ಆ ಟೀಚರ್ ಎಲ್ಲಿದ್ದರೂ ಚೆನ್ನಾಗಿರಲಿ.

ಭಾಷೆಗಳ ಗೊಂದಲಕ್ಕೆ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ, ಶೀರ್ಷಿಕೆ ಮಕ್ಕಳದೇ: ‘ವೇಷ ಹಾಕಿದ ಪದಗಳು’. ಶಿಕ್ಷೆ, ಸುಟ್ಟಿತು ಇವೆರಡರಿಂದ ಶುರುವಾಯಿತು. ಅವಸರ ಎಂದರೆ ನಮಗೆ ಆತುರ, ಹಿಂದಿಯವರಿಗೆ ಅವಕಾಶ. ರಾಗ ನಮಗೆ ಹಾಡಿನದು, ಮರಾಠಿಯವರಿಗೆ ಸಿಟ್ಟು. ಉಪನ್ಯಾಸ ನಮಗೆ ಭಾಷಣ, ಹಿಂದಿಯಲ್ಲಿ ಕಾದಂಬರಿ. ಚೇಷ್ಟೆ ನಮಗೆ ತುಂಟತನ, ಹಿಂದಿಯಲ್ಲಿ ಪ್ರಯತ್ನ. ಹದಿನೇಳು ಪದಗಳಾಗಿವೆ. ಹೊಸದೊಂದು ಸಿಕ್ಕರೆ ಮಕ್ಕಳು ಬೇಟೆ ಸಿಕ್ಕವರಂತೆ ಓಡಿ ಬರುತ್ತಾರೆ. ನಾನು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದ ತಪ್ಪುಗಳೇ ಇವು.

ಕಡತದ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರಿಸಲಿಲ್ಲ, ನಾನೇ ಹುಡುಕಿದೆ. ನಮ್ಮ ಸತತ ಮೌಲ್ಯಮಾಪನದಲ್ಲಿ ಆಕಾರಿಕ ಭಾಗಕ್ಕೆ, ಅಂದರೆ ವರ್ಷವಿಡೀ ತರಗತಿಯಲ್ಲೇ ನಡೆಯುವ ಅಳತೆಗೆ, ಆರನೆಯವರಿಗೆ ಅರ್ಧದಷ್ಟು, ಏಳನೆಯವರಿಗೆ ಶೇಕಡಾ 40ರಷ್ಟು ಭಾರವಿದೆ. ದೈನಂದಿನ ನಿರೀಕ್ಷಣೆ (ಗಮನಿಸುವಿಕೆ), ಮೌಖಿಕ, ಉಪಕ್ರಮ (ಚಟುವಟಿಕೆ), ವರ್ಗಕಾರ್ಯ (ತರಗತಿಯ ಕೆಲಸ) ಎಂಬ ಸಾಲುಗಳಿವೆ. ವಹಿ ವರ್ಗಕಾರ್ಯಕ್ಕೆ, ಅಂಚೆ ಕಾರ್ಡು ಉಪಕ್ರಮಕ್ಕೆ, ಕಿಟಕಿಯ ಬಳಿಯ ಓದು ಮೌಖಿಕಕ್ಕೆ ಹೋಯಿತು. ಹೊಸ ನಮೂನೆ ಬೇಕಾಗಲೇ ಇಲ್ಲ. ಎಂಟನೆಯವರಿಗೆ ವಾರ್ಷಿಕ ಪರೀಕ್ಷೆ ಮತ್ತೆ ಬಂದಿರುವುದರಿಂದ ಅವರಿಗೆ ತಿಂಗಳಿಗೊಂದು ‘ಪರೀಕ್ಷೆಯ ನಿಬಂಧ’ವನ್ನೂ ಇಟ್ಟಿದ್ದೇನೆ, ಮುಲುಂಡ್ ತಾಯಿಯವರ ಮರ್ಯಾದೆಗಾಗಿ.

ಕಾರ್ಡುಗಳು ಹೋದ ಶುಕ್ರವಾರ ಹೊರಟವು. ಒಬ್ಬಳಿಗೆ ಊರಿನಲ್ಲಿ ಯಾರೂ ಇಲ್ಲ, ಎಲ್ಲರೂ ಇಲ್ಲೇ ಕಟ್ಟಡದ ಕೆಲಸದಲ್ಲಿದ್ದಾರೆ. “ನಾನು ಯಾರಿಗೆ ಬರೆಯಲಿ?” ಎಂದಳು. ಡೊಂಬಿವಲಿಯ ಮಾಸ್ತರರೇ, ನಿಮ್ಮ ವಿಳಾಸವನ್ನು ನನಗೆ ಖಾಸಗಿಯಾಗಿ ಕಳಿಸುವಿರಾ?

ಡೊಂಬಿವಲಿಯ ನಿವೃತ್ತ ಮಾಸ್ತರ

ಕಳಿಸಿದ್ದೇನೆ. ಉತ್ತರ ಬರೆಯಲು ಕಾರ್ಡನ್ನೂ ತಂದಿಟ್ಟಿದ್ದೇನೆ. ನನ್ನ ಅಕ್ಷರ ಈಗ ಸ್ವಲ್ಪ ನಡುಗುತ್ತದೆ ಎಂದು ಅವಳಿಗೆ ಮೊದಲೇ ಹೇಳಿಬಿಡಿ.

ಕುಕ್ಕರಿನ ಹುಡುಗ ಬರೆದನೇ?

ಘಾಟ್ಕೋಪರ್ ಟೀಚರ್

ಬರೆದ. ಮೂರನೆಯ ಸಲ. ಮೊದಲ ಸಲ ಅದರಲ್ಲೂ ಕೊನೆಗೆ ರೈತನನ್ನು ತಂದಿದ್ದ, ಎರಡನೆಯ ಸಲ ‘ಹೀಗೆ ಮಳೆಯಿಂದ ಲಾಭವೂ ಇದೆ ಹಾನಿಯೂ ಇದೆ’ ಎಂದು ಮುಗಿಸಿದ್ದ. “ಬೆಳಿಗ್ಗೆ ಏನಾಯಿತು?” ಎಂದು ಮಾತ್ರ ಕೇಳಿದೆ. ಅವನ ಅನುಮತಿ ಪಡೆದು ಮೂರನೆಯದರ ಕೊನೆಯ ಸಾಲುಗಳನ್ನು ಇಲ್ಲಿ ಹಾಕುತ್ತಿದ್ದೇನೆ. ಕಾಗುಣಿತದ ಎರಡು ತಪ್ಪು ತಿದ್ದಿದ್ದೇನೆ, ಉಳಿದದ್ದು ಅವನದೇ.

‘ಬೆಳಿಗ್ಗೆ ನೀರು ಹೋಯಿತು. ಕೆಸರು ಉಳಿಯಿತು. ಅಮ್ಮ ಕುಕ್ಕರ್ ಇಳಿಸಿ ಎಲ್ಲರ ಮುಂದೆ ತೆರೆದಳು. ಕಾರ್ಡುಗಳು ಒಣಗಿದ್ದವು. ಅಕ್ಕಿಯ ಡಬ್ಬಿ ತೆರೆದೆವು. ಅಕ್ಕಿ ನೆನೆದಿತ್ತು. ಅಜ್ಜಿ ಹೇಳಿದಳು, ಅಕ್ಕಿಯನ್ನು ಕುಕ್ಕರಿನಲ್ಲಿ ಇಡಬೇಕಿತ್ತು.’